ಅಂಕಿತವಿಲ್ಲದ ಹಾಡು

ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯ ಮೇಲಿದೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನ ಊರು ಅದು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರದು. ಹಾವೇರಿ ದಾಟಿ ಉತ್ತರಕ್ಕೆ ಶಿಗ್ಗಾವಿ ತಾಲ್ಲೂಕಿಗೆ ಹೋದರೆ ಶಿಶುನಾಳ, ಅಲ್ಲಿ ಶರೀಫಸಾಹೇಬರು. ದಕ್ಷಿಣಕ್ಕೆ ಹೊರಳಿದರೆ ಮಾಸೂರು, ಅಬಲೂರುಗಳ ಕಡೆ ಸರ್ವಜ್ಞನ ಸೀಮೆ. ಇವರ ಮಾತು, ಪದಗಳು ಓಲೆಗರಿಯಲ್ಲಿ ಉಳಿದದ್ದಕ್ಕಿಂತ ಹೆಚ್ಚು ಕಾಲ ಜನರ ಬಾಯಲ್ಲಿ ಬದುಕಿದವು. ಬಾಯಿಂದ ಬಾಯಿಗೆ ಬರುವ ಪದ ಯಾರದೆಂದು ತಿಳಿಯಲು ನಮ್ಮ ಹಿರಿಯರು ಇಟ್ಟುಕೊಂಡ ಗುರುತು ಅಂಕಿತ.

ಅಂಕಿತವೆಂದರೆ ಹೆಸರು ಮೆರೆಸುವುದಲ್ಲ. ಕನಕದಾಸರು ತಮ್ಮ ಹೆಸರನ್ನು ಬಿಟ್ಟು ಕಾಗಿನೆಲೆಯ ಆದಿಕೇಶವನ ಹೆಸರಿಟ್ಟರು. ಶರೀಫರು ಶಿಶುನಾಳಧೀಶನ ಹೆಸರಿಟ್ಟರು. ಬಹುಪಾಲು ವಚನಕಾರರು ಇಷ್ಟದೈವದ ಹೆಸರಲ್ಲಿ ಮಾತು ಮುಗಿಸುತ್ತಿದ್ದ ಕಾಲದಲ್ಲಿ ಚೌಡಯ್ಯ ಮಾತ್ರ ತನ್ನ ಕಸುಬನ್ನೂ ಹೆಸರನ್ನೂ ಸೇರಿಸಿಯೇ ಅಂಕಿತ ಮಾಡಿಕೊಂಡ. ಅಷ್ಟು ಖಾರವಾಗಿ ಮಾತಾಡುವವನು ಆ ಮಾತಿನ ಹೊಣೆಯನ್ನು ದೇವರ ಮೇಲೆ ಹಾಕಲಿಲ್ಲ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಇದನ್ನು ಹೇಳಿದವರು ಯಾರು, ಎಲ್ಲಿ ನಿಂತು ಹೇಳಿದರು, ಯಾರನ್ನು ಕೇಳಬೇಕು ಎನ್ನುವುದಕ್ಕೆ ಅಂಕಿತದಲ್ಲಿ ಉತ್ತರವಿದೆ.

ಈ ಹಳೆಯ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣ ಎಐ ಹಾಡುಗಳು. ಸುನೋ, ಯುಡಿಯೊ ಮೊದಲಾದ ತಾಣಗಳು 2023-24ರ ಹೊತ್ತಿಗೆ ಎಲ್ಲರ ಕೈಗೆ ಸಿಕ್ಕವು. ನಾಲ್ಕು ಸಾಲು ಬರೆದುಕೊಟ್ಟು, ಭಜನೆಯ ಧಾಟಿ, ಗಂಡು ದನಿ, ಹಾರ್ಮೋನಿಯಂ, ತಬಲಾ ಎಂದು ತಿಳಿಸಿದರೆ ಚಹಾ ಆರುವುದರೊಳಗೆ ಹಾಡು ತಯಾರು. ನಮ್ಮ ಕಡೆ ಜಾತ್ರೆಗೆ, ಚುನಾವಣೆಗೆ, ಅಂಗಡಿ ಉದ್ಘಾಟನೆಗೆ, ಮಠದ ಸ್ವಾಮಿಗಳ ಜಯಂತಿಗೆ ಹಾಡು ಮಾಡಿಸುವ ರೂಢಿ ಇದೆ. ಅದರಲ್ಲಿ ಪದ ಬರೆಯುವವರು, ಮಟ್ಟು ಹಾಕುವವರು, ಕೀಬೋರ್ಡ್ ನುಡಿಸುವವರು, ಹಾಡುವ ಇಬ್ಬರು, ಸಣ್ಣದೊಂದು ಸ್ಟುಡಿಯೊ ಇಟ್ಟುಕೊಂಡವರು, ಎಲ್ಲರಿಗೂ ಒಂದಷ್ಟು ಕಾಸು ಸಿಗುತ್ತಿತ್ತು. ಈಗ ಎಷ್ಟೋ ಸಲ ಸಮಿತಿಯವರ ಫೋನಿನಲ್ಲೇ ಹಾಡು ಸಿದ್ಧವಾಗಿರುತ್ತದೆ. ಬ್ಯಾಡಗಿ ಕಡೆಯ ಹಿರಿಯ ಹಾರ್ಮೋನಿಯಂ ವಾದಕರೊಬ್ಬರಿಗೆ ನಾನು ಅಂಥದೊಂದು ದೇವರ ಹಾಡು ಕೇಳಿಸಿ ಅಭಿಪ್ರಾಯ ಕೇಳಿದೆ. ಅವರು ಕೊನೆಯವರೆಗೂ ಕೇಳಿ, “ಹಾಡೇನೋ ಚಲೋ ಐತ್ರಿ. ಆದ್ರ ಅಂಕಿತ ಯಾರ್ದು?” ಎಂದರು.

ಯಂತ್ರ ಬಂದಾಗ ಸಂಗೀತಗಾರರು ದಿಗಿಲುಗೊಂಡದ್ದು ಇದೇ ಮೊದಲಲ್ಲ. ಹಿಂದೆ ಬಂದ ಯಂತ್ರಗಳು ನಮ್ಮ ಭಾಗದಲ್ಲಿ ಕೊಟ್ಟದ್ದೇನು, ಕಸಿದದ್ದೇನು ಎಂದು ನೋಡಿದರೆ ಅವರ ಪ್ರಶ್ನೆಯ ತೂಕ ತಿಳಿಯುತ್ತದೆ.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ಗೊತ್ತಾಗಲೆಂದು ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಯಂತ್ರಯುಗದ ಮೊದಲ ಅಂಕಿತ ಅದು. ಆದರೆ ಎಲ್ಲರೂ ಯಂತ್ರಕ್ಕೆ ದನಿ ಕೊಡಲಿಲ್ಲ. ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಒಂದು ರೆಕಾರ್ಡೂ ನಮಗೆ ಉಳಿದಿಲ್ಲ. ಅವರ ಮಕ್ಕಳಲ್ಲಿ ಕಲಿತ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡುಗಳು ಮಾತ್ರ ಊರೂರಿಗೆ ಹೋದವು.

ಹಾನಗಲ್ಲಿನ ಹೆಸರನ್ನು ಜಗತ್ತಿಗೆ ಹಬ್ಬಿಸಿದ ಗಂಗೂಬಾಯಿಯವರು ಎಳವೆಯಲ್ಲಿ ಗ್ರಾಮಫೋನಿನ ಹಾಡು ಕೇಳಲು ಬೀದಿಗೆ ಓಡುತ್ತಿದ್ದರಂತೆ. ಅವರದೇ ಆರಂಭದ ರೆಕಾರ್ಡುಗಳ ಮೇಲೆ ಗಾಂಧಾರಿ ಹುಬ್ಳೀಕರ್ ಎಂಬ ಹೆಸರು ಇತ್ತು. ಹಾನಗಲ್ ಎಂಬುದು ಸೇರಿಕೊಂಡದ್ದು ಆಮೇಲೆ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಕತೆ. ಆ ತಟ್ಟೆಯ ಹಿಂದೆ ಒಂದು ಕಂಠವಿತ್ತು, ಕಂಠದ ಹಿಂದೆ ಒಬ್ಬ ಗುರು, ಗುರುವಿನ ಹಿಂದೆ ಒಂದು ಘರಾಣೆ. ಆದ್ದರಿಂದಲೇ ಹುಡುಗನಿಗೆ ಹುಡುಕಿಕೊಂಡು ಹೋಗಲು ಒಂದು ದಾರಿಯಿತ್ತು. ಎಐ ಹಾಡು ಕೇಳಿ ಮರುಳಾದ ಇಂದಿನ ಹುಡುಗ ಯಾರನ್ನು ಹುಡುಕಿಕೊಂಡು ಮನೆ ಬಿಡಬೇಕು?

ಎರಡನೆಯ ಪೆಟ್ಟು ಬಿದ್ದದ್ದು ನಾಟಕ ಕಂಪನಿಗಳಿಗೆ. ಉತ್ತರ ಕರ್ನಾಟಕದಲ್ಲಿ ಕಂಪನಿಗಳೇ ಹಾಡುಗಾರರ ಶಾಲೆ. ಮನ್ಸೂರರು ಬಾಲಕರಾಗಿ ಸೇರಿದ್ದು ವಾಮನರಾವ್ ಮಾಸ್ತರರ ಕಂಪನಿಗೆ. ಅಲ್ಲಿ ಅವರ ಕಂಠ ಕೇಳಿಯೇ ನೀಲಕಂಠಬುವಾ ಆಲೂರಮಠರು ಶಿಷ್ಯನನ್ನಾಗಿ ಮಾಡಿಕೊಂಡರು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಅಂಧ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಕಟ್ಟಿಕೊಂಡು ಊರೂರು ತಿರುಗಿ ಕಲಿಸಿದರು. ನಾಟಕ ಕಂಪನಿಯನ್ನೂ ನಡೆಸಿದರು. ಅವರ ನಂತರ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯವರೇ. ಆ ಮಕ್ಕಳಿಗೆ ಸಂಗೀತ ಬರೀ ಕಲೆಯಾಗಿರಲಿಲ್ಲ, ಅನ್ನದ ದಾರಿ. ಪುರಾಣ, ಕೀರ್ತನ, ಜಾತ್ರೆ, ಮದುವೆ, ನಾಟಕದ ಪೇಟಿ, ಇವುಗಳಿಂದ ಅವರ ಬದುಕು ನಡೆಯುತ್ತಿತ್ತು.

1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂತು. ಮೊದಮೊದಲು ಸಿನಿಮಾಕ್ಕೂ ಕಂಪನಿಯ ನಟರೇ ಬೇಕಾಗಿದ್ದರು. ಆಮೇಲೆ ಹಿನ್ನೆಲೆ ಗಾಯನ ಬೇರೂರಿತು. ಒಂದು ಕಂಠ ಸಾವಿರ ಟಾಕೀಸುಗಳಲ್ಲಿ ಕೇಳತೊಡಗಿತು. ದೊಡ್ಡ ಗವಾಯಿಗಳಿಗೆ ಇದರಿಂದ ನಷ್ಟವಾಗಲಿಲ್ಲ. ನಷ್ಟವಾದದ್ದು ಪೇಟಿ ಮಾಸ್ತರರಿಗೆ, ತಬಲಾದವರಿಗೆ, ಹಾಡುವ ಪಾತ್ರಧಾರಿಗಳಿಗೆ. ಅವರ ದಿನಗೂಲಿಯ ಜತೆಗೆ, ಮುಂದಿನ ಮನ್ಸೂರರನ್ನು ತಯಾರು ಮಾಡುವ ಅಂಗಳವೂ ಹೋಯಿತು.

ಅದೇ ಹೊತ್ತಿಗೆ ಅಮೆರಿಕದ ಟಾಕೀಸುಗಳಲ್ಲಿ ವಾದ್ಯ ನುಡಿಸುತ್ತಿದ್ದವರೂ ಕೆಲಸ ಕಳೆದುಕೊಂಡರು. 1930ರ ಸುಮಾರಿಗೆ ಅಲ್ಲಿಯ ಸಂಗೀತಗಾರರ ಸಂಘವು ಯಂತ್ರಮಾನವನ ಚಿತ್ರ ಹಾಕಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ಜನ ಕೇಳಲಿಲ್ಲ. ಅದೇ ಸಂಘ 1942ರಲ್ಲಿ ರೆಕಾರ್ಡಿಂಗ್ ಮುಷ್ಕರ ಹೂಡಿ 1944ರವರೆಗೆ ಹಿಡಿದು ನಿಂತಾಗ ಕಂಪನಿಗಳು ಮಣಿದವು. ಮಾರಾಟವಾದ ಪ್ರತಿ ರೆಕಾರ್ಡಿನಿಂದ ಸಂಗೀತಗಾರರ ನಿಧಿಗೆ ಇಷ್ಟು ಹಣ ಎಂದು ಒಪ್ಪಂದವಾಯಿತು.

ನಿಷೇಧದ ಕತೆ ನಮ್ಮಲ್ಲೇ ಇದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಪರದೇಶದ ಪೆಟ್ಟಿಗೆ, ನಮ್ಮ ಶ್ರುತಿಗೆ ಹೊಂದದು ಎಂಬುದು ಆಕ್ಷೇಪ. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಆ ನಿಷೇಧ ಜಾರಿಯಲ್ಲಿತ್ತು. ಆದರೆ ನಮ್ಮ ಗುಡಿಗಳ ಭಜನೆಯಿಂದ ಪೇಟಿ ಒಂದು ದಿನವೂ ಹೊರಗೆ ಹೋಗಲಿಲ್ಲ. ಜನಕ್ಕೆ ಒಗ್ಗಿದ ಸಾಧನವನ್ನು ಮೇಲಿನಿಂದ ಬೇಡವೆಂದರೆ ಅದು ನಿಲ್ಲದು. ಎಐ ಬಗ್ಗೆಯೂ ಬರೀ ಬೇಡ ಎನ್ನುವುದರಿಂದ ಏನೂ ಆಗದು.

ಕ್ಯಾಸೆಟ್ಟಿನ ಕಾಲ ನನ್ನ ಕಿವಿಗೇ ಗೊತ್ತು. ಶರೀಫರ ಪದಗಳನ್ನು ಸಿ. ಅಶ್ವತ್ಥರು ಹಾಡಿದರು, 1990ರಲ್ಲಿ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಶರೀಫರನ್ನು ಇಡೀ ಕನ್ನಡನಾಡು ಕೇಳಿದ್ದು ಹಾಗೆ. ಅದು ದೊಡ್ಡ ಕೆಲಸ. ಆದರೆ ಊರಿಗೊಂದರಂತೆ ಇದ್ದ ಹಳೆಯ ಮಟ್ಟುಗಳು ಹಿಂದೆ ಸರಿದವು. ಚಿಕ್ಕವರು ಕ್ಯಾಸೆಟ್ಟಿನ ಮಟ್ಟಿನಲ್ಲೇ ಹಾಡತೊಡಗಿದರು, ಅಜ್ಜಂದಿರ ಮಟ್ಟು ಅಜ್ಜಂದಿರ ಜತೆಗೆ ಹೋಯಿತು. ಆದರೂ ಆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಹಾಡಿದವರ ಹೆಸರಿತ್ತು, ಪದದ ಕೊನೆಗೆ ಶರೀಫರ ಅಂಕಿತವೂ ಇತ್ತು.

ಕಳ್ಳ ಅಂಕಿತವನ್ನೂ ಯಂತ್ರ ಮೊದಲು ಮಾಡಿದ್ದಲ್ಲ. ಸರ್ವಜ್ಞನ ಹೆಸರು ಹಾಕಿ ಎಷ್ಟೋ ಜನ ತ್ರಿಪದಿ ಕಟ್ಟಿದ್ದಾರೆ. ಉತ್ತಂಗಿ ಚನ್ನಪ್ಪನವರು ವರ್ಷಗಟ್ಟಲೆ ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಯಾವುದು ಅವನದು, ಯಾವುದು ಬೇರೆಯವರು ಸೇರಿಸಿದ್ದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಂದೊಂದು ತ್ರಿಪದಿಯನ್ನು ಒಬ್ಬೊಬ್ಬ ಮನುಷ್ಯ ಕೂತು ಕಟ್ಟಿದ ಕಾಲದ ಗೊಂದಲ ಇದು. 2025ರ ನವೆಂಬರಿನಲ್ಲಿ ಡೀಜರ್ ಎಂಬ ಫ್ರಾನ್ಸಿನ ಸಂಗೀತ ತಾಣ ತನಗೆ ದಿನಕ್ಕೆ 50,000ಕ್ಕೂ ಹೆಚ್ಚು ಎಐ ಹಾಡುಗಳು ಬರುತ್ತಿವೆ, ಬರುವ ಹಾಡುಗಳಲ್ಲಿ ಅವು ಮೂರರಲ್ಲೊಂದು ಪಾಲು ಎಂದು ಹೇಳಿತು. ಶಿಶುನಾಳಧೀಶನ ಅಂಕಿತ ಹಾಕಿ ಹತ್ತು ಪದ ಮಾಡಿಕೊಡು ಎಂದರೆ ಯಂತ್ರಕ್ಕೆ ಅದು ಕ್ಷಣದ ಕೆಲಸ. ಅವುಗಳನ್ನು ಬೇರೆ ಮಾಡಲು ಎಷ್ಟು ಮಂದಿ ಉತ್ತಂಗಿಯವರು ಬೇಕಾದೀತು?

ದೊಡ್ಡ ಸಂಗೀತಗಾರರು ಇದಕ್ಕೆ ಹಲವು ರೀತಿಯಲ್ಲಿ ಉತ್ತರ ಕೊಡುತ್ತಿದ್ದಾರೆ. 2024ರ ಜನವರಿಯಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರದ ಹಾಡಿಗೆ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ತಂದರು. ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟದ್ದಾಗಿ ತಿಳಿಸಿದರು. ಅದೇ ವರ್ಷ, ಕೇಳದೆ ತಂದೆಯ ದನಿ ಬಳಸಿದರೆಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮಗ ಚರಣ್ ತೆಲುಗು ಚಿತ್ರವೊಂದರ ತಯಾರಕರಿಗೆ ನೋಟಿಸು ಕೊಟ್ಟರು. ಜುಲೈನಲ್ಲಿ ಬಾಂಬೆ ಹೈಕೋರ್ಟು ಅರಿಜಿತ್ ಸಿಂಗ್ ಅವರ ದನಿಯ ನಕಲಿಗೆ ತಡೆ ಹಾಕಿತು. 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸಾವಿರಕ್ಕೂ ಹೆಚ್ಚು ಸಂಗೀತಗಾರರು ಸೇರಿ ಹಾಡೇ ಇಲ್ಲದ, ಖಾಲಿ ಸ್ಟುಡಿಯೊಗಳ ಸದ್ದು ಮಾತ್ರವಿರುವ ಆಲ್ಬಂ ಹೊರತಂದರು. ತಮ್ಮ ಹಾಡುಗಳನ್ನು ಕೇಳದೆ ಯಂತ್ರಕ್ಕೆ ಉಣಿಸಿದರೆ ಉಳಿಯುವುದು ಇಷ್ಟೇ ಎಂದು ಸರ್ಕಾರಕ್ಕೆ ತೋರಿಸಲು. ಇತ್ತ ಕನ್ನಡದಲ್ಲಿ ಅದೇ ವರ್ಷ ಎಐ ಬಳಸಿ ಮಾಡಿದ ‘ಲವ್ ಯೂ’ ಚಿತ್ರ ಬಂತು. ಅದರ ಹಾಡುಗಳೂ ಯಂತ್ರದವೇ. ಸಣ್ಣ ಬಂಡವಾಳದವರಿಗೆ ಇದು ಬಾಗಿಲು ತೆರೆದಂತೆ ಎಂಬ ವಾದವನ್ನು ಸುಳ್ಳೆನ್ನಲಾಗದು.

ಅಮೆರಿಕದ ದೊಡ್ಡ ರೆಕಾರ್ಡ್ ಕಂಪನಿಗಳು 2024ರ ಜೂನಿನಲ್ಲಿ ಸುನೋ, ಯುಡಿಯೊಗಳ ಮೇಲೆ ಮೊಕದ್ದಮೆ ಹೂಡಿದವು; 2025ರ ಕೊನೆಗೆ ಅವುಗಳಲ್ಲಿ ಕೆಲವು ರಾಜಿ ಮಾಡಿಕೊಂಡು ಪಾಲುದಾರರೇ ಆದವು. ಅರಿಜಿತ್ ಸಿಂಗರ ದನಿ ದೇಶಕ್ಕೆಲ್ಲ ಗೊತ್ತು, ಅವರಿಗೆ ಕೋರ್ಟು ಇದೆ. ಕಂಪನಿಗಳಿಗೆ ವಕೀಲರಿದ್ದಾರೆ. ನಮ್ಮ ಕಾಪಿರೈಟ್ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ಹಾಡುವವರಿಗೂ ರಾಯಲ್ಟಿಯ ಹಕ್ಕು ಕೊಟ್ಟಿತು. ಆದರೆ ಹಾವೇರಿಯ ತತ್ವಪದಕಾರನೊಬ್ಬನ ಹಾಡನ್ನು ಯಾರೋ ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ್ದು ಯಂತ್ರದ ಹೊಟ್ಟೆಗೆ ಹೋಯಿತೋ ಇಲ್ಲವೋ ಅವನು ಹೇಗೆ ತಿಳಿಯಬೇಕು? ಆ ವಿಡಿಯೊದಲ್ಲಿ ಅವನ ಹೆಸರೇ ಇರುವುದಿಲ್ಲ. ‘ಸೂಪರ್ ಭಜನೆ’ ಎಂದಿರುತ್ತದೆ. ಹೆಸರಿಲ್ಲದವನು ಪಾಲು ಕೇಳುವುದಾದರೂ ಹೇಗೆ?

ಹಾರ್ಮೋನಿಯಂ ವಾದಕರ ಪ್ರಶ್ನೆ ಯಂತ್ರಕ್ಕಷ್ಟೇ ಅಲ್ಲ, ನಮಗೂ ತಗಲುತ್ತದೆ. ಅವರ ಭಜನಾ ಸಂಘದವರು ಈಗ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಯಾರಾದರೂ ಫೋನು ಹಿಡಿದರೆ, ಪದ ಮುಗಿದ ಮೇಲೆ ಹಾಡಿದವರು, ಪೇಟಿ, ತಬಲಾ, ದಮ್ಮಡಿ ಬಾರಿಸಿದವರು ತಮ್ಮ ಹೆಸರು, ಊರು, ಮಟ್ಟು ಯಾರಿಂದ ಬಂತು ಎಂಬುದನ್ನು ಹೇಳುತ್ತಾರೆ. ಗೌಹರ್ ಜಾನ್ ಹೆಸರನ್ನು ಅವರಲ್ಲಿ ಯಾರೂ ಕೇಳಿದವರಲ್ಲ. ಇದನ್ನು ಜಿಲ್ಲೆಯ ಎಲ್ಲ ಸಂಘಗಳೂ ಮಾಡಬಹುದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯ ಇದೆ. ಹಾಡು, ಹೆಸರು, ಊರು, ಗುರು, ವರ್ಷ ಸೇರಿಸಿ ಪಟ್ಟಿ ಮಾಡುವ ಕೆಲಸಕ್ಕೆ ಅಲ್ಲಿಯ ವಿದ್ಯಾರ್ಥಿಗಳಿಗಿಂತ ಹತ್ತಿರದವರು ಬೇರೆ ಯಾರೂ ಇಲ್ಲ. ನಾಳೆ ಕಾನೂನು ಪಾಲು ಕೊಡಿಸುವುದಾದರೆ ಅಂಥ ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ಕೊಡಿಸೀತು.

ಹೆಸರೊಂದೇ ಹೊಟ್ಟೆ ತುಂಬಿಸದು ಎಂಬುದೂ ನಿಜ. ನಾಟಕ ಕಂಪನಿಗಳು ಮುಚ್ಚಿದಾಗ ಹೆಸರಿದ್ದ ಪೇಟಿ ಮಾಸ್ತರರೂ ಕೆಲಸ ಕಳೆದುಕೊಂಡರು. ಪಂಚಾಕ್ಷರ ಗವಾಯಿಗಳು ಕಲಿಸಿದ ಅಂಧ ಮಕ್ಕಳಂಥವರಿಗೆ ಇಂದೂ ಬೇಕಾದದ್ದು ಜಾತ್ರೆಯ ಒಂದು ರಾತ್ರಿಯ ಹಾಡಿಕೆ, ಶ್ರಾವಣದ ಒಂದು ತಿಂಗಳ ಪುರಾಣ, ಅದಕ್ಕೊಂದು ಸಂಭಾವನೆ. ಅದನ್ನು ಕೊಡುವವರು ಬೆಂಗಳೂರಿನಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಅವರು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜಾತ್ರೆ ಸಮಿತಿಗಳಲ್ಲಿ, ಮಠಗಳಲ್ಲಿ, ಮಾರುಕಟ್ಟೆಯ ವರ್ತಕರಲ್ಲಿ ಇದ್ದಾರೆ. ಫೋನಿನ ಹಾಡು ಪುಕ್ಕಟೆ ಸಿಗುತ್ತದೆಂದು ಅವರು ಈ ವರ್ಷ ಉಳಿಸುವ ಎರಡು ಮೂರು ಸಾವಿರ ರೂಪಾಯಿ ಯಾರ ಮನೆಯ ದುಡ್ಡು ಎಂದು ಸಮಿತಿಯ ಸಭೆಯಲ್ಲಿ ಕೇಳಬೇಕಾದವರು ನಾವೇ.