ಸಂಸಕವಿಗಳ ವ್ಯಾಧಿಯೂ ಕೃತಿಗಳೂ

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಸುವರ್ಣಾವತಿಯ ನೀರನ್ನುಂಡು ಬೆಳೆದ ಯಳಂದೂರು ಸೀಮೆಯು ವಿಸ್ತಾರದಲ್ಲಿ ಕಿರಿದಾದರೂ ಸಾರಸ್ವತ ಸಂಪತ್ತಿಯಲ್ಲಿ ಕಿರಿದಾದುದಲ್ಲ. ಷಡಕ್ಷರದೇವನ ಹೆಸರು ಈ ನೆಲದೊಡನೆ ಹೆಣೆದುಕೊಂಡಿರುವುದು. ಹದಿಬದೆಯ ಧರ್ಮವನ್ನು ರಚಿಸಿದ ಸಂಚಿಯ ಹೊನ್ನಮ್ಮನು ಇಲ್ಲಿಂದಲೇ ಚಿಕ್ಕದೇವರಾಜ ಒಡೆಯರ ಅರಮನೆಯನ್ನು ಸೇರಿದವಳು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಈ ಸೀಮೆಯ ಅಗರವೆಂಬ ಗ್ರಾಮದಲ್ಲಿ 1898ರ ಜನವರಿಯಲ್ಲಿ ಹುಟ್ಟಿದವರು ಎ. ಎನ್. ಸ್ವಾಮಿ ವೆಂಕಟಾದ್ರಿ ಅಯ್ಯರ್. ಕನ್ನಡಿಗರು ಇವರನ್ನು ಬಲ್ಲುದು ‘ಸಂಸ’ ಎಂಬ ಎರಡಕ್ಷರದ ಕಾವ್ಯನಾಮದಿಂದ.

ಸಂಸರು ಬರೆದ ನಾಟಕಗಳು ಇಪ್ಪತ್ತಮೂರೆಂದು ಹೇಳುವರು. ಇಂದು ಉಳಿದಿರುವುವು ಆರು: ಸುಗುಣಗಂಭೀರ, ವಿಗಡ ವಿಕ್ರಮರಾಯ, ವಿಜಯನಾರಸಿಂಹ, ಬಿರುದೆಂತೆಂಬರ ಗಂಡ, ಬೆಟ್ಟದ ಅರಸು, ಮಂತ್ರಶಕ್ತಿ. ಆರಕ್ಕೂ ವಸ್ತು ಒಂದೇ, ಮೈಸೂರು ಒಡೆಯರ ವಂಶದ ಪೂರ್ವಚರಿತ್ರೆ. ಈ ಆರನ್ನು ಓದಿದವರ ಸಂಖ್ಯೆ ಸ್ವಲ್ಪ. ಸಂಸರ ಚಿತ್ತವಿಕಾರದ ಕಥೆಯನ್ನು ಕೇಳಿದವರ ಸಂಖ್ಯೆ ಬಹಳ. ‘ಪ್ರತಿಭೆಗೂ ಹುಚ್ಚಿಗೂ ಅಂತರ ಕೂದಲೆಳೆಯಷ್ಟೆ, ಆ ಹುಚ್ಚೇ ಅವರಿಂದ ಅಂತಹ ನಾಟಕಗಳನ್ನು ಬರೆಯಿಸಿತು’ ಎಂದು ತಲೆದೂಗುವುದು ಸಭೆಗಳಲ್ಲಿ ರೂಢಿಯಾಗಿದೆ. ಕೇಳುವುದಕ್ಕೆ ರಮ್ಯವಾದ ಈ ಮಾತು ಸತ್ಯವೆ ಎಂಬುದು ವಿಚಾರಾರ್ಹವಾದ ವಿಷಯ. ಏಕೆಂದರೆ ಅದು ಸತ್ಯವಾದರೆ ವ್ಯಾಧಿಗೆ ಕೃತಜ್ಞತೆ ಸಲ್ಲಬೇಕು. ಅಸತ್ಯವಾದರೆ, ನಲವತ್ತೊಂದು ವರ್ಷ ಬಾಳಿದ ಒಬ್ಬ ಮನುಷ್ಯನ ಪರಿಶ್ರಮವನ್ನು ಅವನ ಶತ್ರುವಿನ ಲೆಕ್ಕಕ್ಕೆ ಬರೆದಂತಾಗುವುದು.

ಮೊದಲು ವ್ಯಾಧಿಯ ಸ್ವರೂಪವನ್ನು ನೋಡಬಹುದು. ಪೋಲೀಸರು ತಮ್ಮ ಬೆನ್ನು ಹತ್ತಿರುವರು, ತಮ್ಮನ್ನು ಹಿಡಿಯಲು ಎಲ್ಲೆಲ್ಲಿಯೂ ಹೊಂಚುತ್ತಿರುವರು ಎಂಬ ಭಯವು ಸಂಸರನ್ನು ಬಹುಕಾಲ ಕಾಡಿತು. ಇದು ಒಂದು ದಿನ ಬಂದು ಮರುದಿನ ಹೋದ ಭ್ರಾಂತಿಯಲ್ಲ. ವರ್ಷಾನುಗಟ್ಟಲೆ ಜೊತೆಯಲ್ಲಿದ್ದು, ಒಮ್ಮೆ ಅಡಗಿ ಒಮ್ಮೆ ಕೆರಳಿ, ಕೊನೆಗೂ ಬಿಡದೆ ಹೋದ ವ್ಯಾಧಿ. ಉಪಾಧ್ಯಾಯವೃತ್ತಿಯೇ ಮೊದಲಾದ ಜೀವನೋಪಾಯಗಳು ಅವರ ಕೈಯಲ್ಲಿ ನಿಲ್ಲಲಿಲ್ಲ. ಊರು ಊರೂ ಅಲ್ಲ, ಮನೆ ಮನೆಯೂ ಅಲ್ಲವೆಂಬಂತೆ ಅಲೆದರು. 1939ರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ತಮ್ಮ ಪ್ರಾಣವನ್ನು ತಾವೇ ನೀಗಿದರು.

ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದದ ಲಕ್ಷಣವನ್ನು ಹೇಳುವಾಗ, ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವನ್ನು ಆಚಾರ್ಯನು ಎಣಿಸಿರುವನು. ಹೀಗೆ ಬಿಡಿಬಿಡಿಯಾಗಿ ಎಣಿಸಿರುವುದರಲ್ಲಿ ಒಂದು ಸೂಕ್ಷ್ಮವುಂಟು. ಎಂಟೂ ಒಂದೇ ಪ್ರಮಾಣದಲ್ಲಿ ಕೆಡಬೇಕೆಂಬ ನಿಯಮವನ್ನು ಲೋಕಾನುಭವವು ಒಪ್ಪುವುದಿಲ್ಲ. ಇಂದಿನ ಮನೋವೈದ್ಯರೂ ಹೀಗೆಯೇ ಹೇಳುವರು: ಶಂಕಾವಿಭ್ರಮವೆಂಬ ರೋಗದಲ್ಲಿ ಯಾವುದೋ ಒಂದು ವಿಷಯದಲ್ಲಿ ಮಾತ್ರ ನಂಬಿಕೆಯು ಕಟ್ಟು ಮೀರುವುದು; ಉಳಿದೆಡೆ ತರ್ಕವೂ ಸ್ಮರಣೆಯೂ ನೆಟ್ಟಗಿರಬಹುದು. ಹೀಗಿರುವುದರಿಂದಲೇ ಇಂತಹ ರೋಗಿಯ ದುಃಖವು ಹೆಚ್ಚು. ಬುದ್ಧಿಯು ಚುರುಕಾಗಿದ್ದಷ್ಟೂ ಭಯಕ್ಕೆ ಅದು ಸಾಕ್ಷ್ಯಗಳನ್ನು ಒದಗಿಸುತ್ತ ಹೋಗುವುದು. ಬಾಗಿಲ ಸದ್ದು, ಬೀದಿಯಲ್ಲಿ ನಿಂತ ಅಪರಿಚಿತ, ಮಿತ್ರನ ಮೌನ, ಎಲ್ಲವೂ ಪುರಾವೆಯಾಗುವುವು.

ಸಂಸರ ಕಾಲದಲ್ಲಿ ಇದಕ್ಕೆ ಔಷಧವಿದ್ದಿತೆ? ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಮಾನಸಿಕ ಆಸ್ಪತ್ರೆಯೆಂಬ ಗೌರವದ ಹೆಸರು ಬಂದುದು 1925ರಲ್ಲಿ. ಆದರೆ ಹೆಸರು ಬದಲಾದರೂ ವೈದ್ಯರ ಕೈಯಲ್ಲಿ ಇಂತಹ ಭ್ರಮೆಯನ್ನು ತಗ್ಗಿಸುವ ಮದ್ದು ಇರಲಿಲ್ಲ. ಕ್ಲೋರ್‌ಪ್ರೊಮಝೀನ್ ಎಂಬ ಮೊದಲ ಔಷಧವು ಫ್ರಾನ್ಸ್ ದೇಶದಲ್ಲಿ ಮನೋರೋಗಿಗಳಿಗೆ ಪ್ರಯೋಗವಾದುದು 1952ರಲ್ಲಿ, ಸಂಸರು ತೀರಿ ಹದಿಮೂರು ವರ್ಷಗಳಾದ ಮೇಲೆ. ಪ್ರಾಚೀನ ವೈದ್ಯಶಾಸ್ತ್ರವು ಉನ್ಮಾದಕ್ಕೆ ಹೇಳಿದ ಉಪಚಾರಗಳಲ್ಲಿ ಬೆದರಿಸುವುದೂ ಒಂದು. ಧರ್ಮಾರ್ಥಗಳಿಂದ ಕೂಡಿದ ಮಾತುಗಳಿಂದ ಮಿತ್ರನು ಸಮಾಧಾನಪಡಿಸುವುದೂ ಒಂದು. ಭಯವೇ ರೋಗವಾದವನಿಗೆ ಮೊದಲನೆಯದರಿಂದ ಏನು ಪ್ರಯೋಜನ? ಎರಡನೆಯದನ್ನು ಸಂಸರಿಗೆ ಮಾಡಬಲ್ಲವರು ಕೆಲವರು ಮಾತ್ರ ಇದ್ದರು.

ಕವಿಗೆ ದೇಹವ್ಯಾಧಿ ಬಂದರೆ ಲೋಕವು ಒಂದು ರೀತಿ ನಡೆದುಕೊಳ್ಳುವುದು, ಮನೋವ್ಯಾಧಿ ಬಂದರೆ ಬೇರೊಂದು ರೀತಿ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು, ಎಂದರೆ ಮುದ್ದಣಕವಿಗಳು, ಕ್ಷಯದಿಂದ ನವೆದು 1901ರಲ್ಲಿ ತಮ್ಮ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರೂ ತಮ್ಮ ಹೆಸರನ್ನು ಮರೆಮಾಡಿದವರು. ತಮ್ಮ ಕೃತಿಯನ್ನು ಹಳೆಯ ಕವಿಯ ಗ್ರಂಥವೆಂದು ನಂಬಿಸಿದವರು. ಹಳಗನ್ನಡದ ಸತ್ತ್ವವನ್ನು ಹೊಸ ಗದ್ಯಕ್ಕೆ ತುಂಬಿದವರು. ಆದರೆ ರಾಮಾಶ್ವಮೇಧವನ್ನು ಕ್ಷಯವು ಬರೆಯಿಸಿತೆಂದು ಯಾರೂ ಹೇಳುವುದಿಲ್ಲ. ಕ್ಷಯವು ಅವರನ್ನು ಬೇಗ ಒಯ್ದಿತು, ಇನ್ನಷ್ಟು ಕೃತಿಗಳು ಇಲ್ಲವಾದವು ಎಂದು ಮರುಗುವರು. ಸಂಸರ ವಿಷಯದಲ್ಲಿ ಮಾತ್ರ ಈ ನ್ಯಾಯವು ತಲೆಕೆಳಗಾಗಿರುವುದು.

ಈ ಅಭಿಪ್ರಾಯಕ್ಕೆ ಕಾರಣವಿಲ್ಲದೆ ಇಲ್ಲ. ಸಂಸರ ನಾಟಕಪ್ರಪಂಚದಲ್ಲಿ ಸಂಶಯಕ್ಕೆ ದೊಡ್ಡ ಸ್ಥಾನವುಂಟು. ಅರಮನೆಯ ಒಳಸಂಚು, ಸ್ವಾಮಿದ್ರೋಹ, ವಿಷಪ್ರಯೋಗ ಇವು ಅಲ್ಲಿಯ ಸಾಮಗ್ರಿ. ಭಯಗ್ರಸ್ತನಾದ ಕವಿಯು ತನ್ನ ಭಯವನ್ನೇ ರಂಗಕ್ಕೆ ತಂದನೆಂದು ಊಹಿಸುವುದು ಸುಲಭ. ಆದರೆ ಚರಿತ್ರೆಯನ್ನು ತೆರೆದು ನೋಡಿದರೆ ಈ ಊಹೆಯು ನಿಲ್ಲುವುದಿಲ್ಲ. 1610ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ರಾಜ ಒಡೆಯರು 1617ರಲ್ಲಿ ತೀರಿದ ಮೇಲೆ ಅವರ ಮೊಮ್ಮಗ ಚಾಮರಾಜ ಒಡೆಯರು 1637ರ ವರೆಗೆ ಆಳಿದರು. ಅನಂತರ ಪಟ್ಟಕ್ಕೆ ಬಂದ ಇಮ್ಮಡಿ ರಾಜ ಒಡೆಯರು ಆಳಿದುದು ಒಂದು ವರ್ಷ. ಅವರಿಗೆ ವಿಷವಿಕ್ಕಿಸಿದವನು ದಳವಾಯಿ ವಿಕ್ರಮರಾಯನೆಂದು ಮೈಸೂರಿನ ಇತಿಹಾಸವೇ ಹೇಳುವುದು. 1638ರಲ್ಲಿ ಪಟ್ಟವೇರಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವಲ್ಪ ಕಾಲದಲ್ಲಿಯೇ ಆ ದಳವಾಯಿಯನ್ನು ಕೊನೆಗಾಣಿಸಿದರು. ವಿಗಡ ವಿಕ್ರಮರಾಯ ನಾಟಕದ ಮೂಲವಿದು. ಇಲ್ಲಿ ವಿಷವು ಕವಿಯ ಭ್ರಮೆಯಲ್ಲ, ಚರಿತ್ರೆಯ ಘಟನೆ.

ಒಡೆಯರ ಕಥೆಯಲ್ಲಿ ಕಾವಲೂ ಸಂಶಯವೂ ಎಷ್ಟು ಸಹಜವಾಗಿದ್ದುವೆಂಬುದಕ್ಕೆ ಗುಂಡ್ಲುಪೇಟೆಯ ಸೀಮೆಯಲ್ಲಿಯೇ ಸಾಕ್ಷ್ಯವುಂಟು. ಮುಂದೆ 1673ರಿಂದ 1704ರ ವರೆಗೆ ಆಳಿ ಕೀರ್ತಿಶಾಲಿಗಳಾದ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ಹಂಗಳದಲ್ಲಿ ಕಾವಲಿನಲ್ಲಿದ್ದರು. ಅವರ ತಂದೆ ದೊಡ್ಡದೇವರಾಜರು ದಿವಂಗತರಾದುದು ಗುಂಡ್ಲುಪೇಟೆಯಲ್ಲಿ. ಅಲ್ಲಿಯ ಪರವಾಸುದೇವ ದೇವಾಲಯವು ಆ ಸ್ಮರಣೆಯಲ್ಲಿ ಮಗನು ಕಟ್ಟಿಸಿದುದು. ಅತ್ತ ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಅಲ್ಲಿ ಹುಟ್ಟಿದ ತಮ್ಮ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದು, 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಈ ನಾಡಿನಲ್ಲಿ ಒಡೆಯರ ಚರಿತ್ರೆಯು ಪುಸ್ತಕದಲ್ಲಿರುವಷ್ಟೇ ಕಲ್ಲಿನಲ್ಲಿಯೂ ಇದೆ. ಅಗರದಲ್ಲಿ ಹುಟ್ಟಿದವನು ನಾಟಕಕ್ಕೆ ಈ ವಸ್ತುವನ್ನೇ ಹಿಡಿದುದಕ್ಕೆ ಚಿತ್ತವಿಕಾರವನ್ನು ಕಾರಣವಾಗಿ ಹುಡುಕಬೇಕಾಗಿಲ್ಲ.

ಇನ್ನು ಕಾವ್ಯದೃಷ್ಟಿಯಿಂದ ನೋಡಿದರೆ ವಿಶಾಖದತ್ತನ ಮುದ್ರಾರಾಕ್ಷಸವು ನೆನಪಿಗೆ ಬರುವುದು. ಅದರಲ್ಲಿ ಗೂಢಚಾರರು, ವಿಷಕನ್ಯೆ, ಕಪಟಲೇಖ, ವೇಷಾಂತರ ಎಲ್ಲವೂ ಇವೆ. ಯಾರ ಮಾತನ್ನು ಯಾರು ನಂಬಬೇಕೆಂಬುದೇ ಅಲ್ಲಿಯ ಸಂವಿಧಾನ. ಆದಕಾರಣ ವಿಶಾಖದತ್ತನು ಶಂಕಾಗ್ರಸ್ತನಾಗಿದ್ದನೆಂದು ಯಾವ ವ್ಯಾಖ್ಯಾನಕಾರನೂ ಬರೆದಿಲ್ಲ. ರಾಜನೀತಿಯ ನಾಟಕವು ಸಂಶಯವಿಲ್ಲದೆ ನಡೆಯದು. ಆ ಸಂಶಯವನ್ನು ಅಂಕಗಳಾಗಿ ವಿಭಾಗಿಸಿ, ಪಾತ್ರಗಳಿಗೆ ಹಂಚಿ, ಪ್ರೇಕ್ಷಕನಿಗೆ ಯಾವುದು ಎಷ್ಟು ತಿಳಿಯಬೇಕೋ ಅಷ್ಟನ್ನೇ ತಿಳಿಸುತ್ತ ನಿರ್ವಹಣಕ್ಕೆ ತರಬೇಕಾದರೆ ಕವಿಯು ಅದಕ್ಕಿಂತ ಎತ್ತರದಲ್ಲಿ ನಿಂತಿರಬೇಕು. ಭ್ರಮೆಯು ಮನುಷ್ಯನನ್ನು ಆಳುವುದು. ನಾಟಕದಲ್ಲಿ ಸಂಶಯವನ್ನು ಆಳಿದವರು ಸಂಸರು.

ಭಾಷೆಯೂ ಇದನ್ನೇ ಹೇಳುವುದು. ಅವರು ಬರೆಯುತ್ತಿದ್ದ ಕಾಲದಲ್ಲಿ ರಂಗಭೂಮಿಯು ಕಂಪನಿ ನಾಟಕಗಳ ಹಾಡುಗಳಿಂದ ತುಂಬಿದ್ದಿತು. ಕೈಲಾಸಂ ಅವರು ಮನೆಮಾತಿನ ಕನ್ನಡವನ್ನು ರಂಗಕ್ಕೆ ತರುತ್ತಿದ್ದರು. ಸಂಸರು ಈ ಎರಡು ದಾರಿಗಳನ್ನೂ ಬಿಟ್ಟು, ಹದಿನೇಳನೆಯ ಶತಮಾನದವರು ಆಡಿದರೆ ಹೀಗೆ ಆಡಿಯಾರೆಂದು ತೋರುವ, ಹಳಗನ್ನಡದ ಬಿಗಿಯನ್ನೂ ನಡುಗನ್ನಡದ ಓಟವನ್ನೂ ಕೂಡಿಸಿದ ಸಂಭಾಷಣೆಯನ್ನು ನಿರ್ಮಿಸಿದರು. 1648ರಲ್ಲಿ ಗೋವಿಂದವೈದ್ಯನು ಬರೆದ ಕಂಠೀರವ ನರಸರಾಜ ವಿಜಯದಂತಹ ಕೃತಿಗಳ ಕಾಲದ ನುಡಿಯ ಪರಿಚಯವಿಲ್ಲದವನಿಗೆ ಇದು ಸಾಧ್ಯವಲ್ಲ. ಇಂತಹ ಭಾಷೆಯು ಆವೇಶದಲ್ಲಿ ಬರುವಂತಹುದಲ್ಲ. ಓದಿ, ಕಿವಿಗೊಟ್ಟು, ತೂಗಿ, ತಿದ್ದಿ ಬರೆಯಬೇಕಾದುದು. 1919ರ ಸುಗುಣಗಂಭೀರದಿಂದ ಮೊದಲುಮಾಡಿ ವಿಗಡ ವಿಕ್ರಮರಾಯವನ್ನು ದಾಟಿ ಮುಂದೆ ನಡೆದ ಈ ಕೆಲಸದಲ್ಲಿ ಸ್ಮೃತಿಯೂ ಬುದ್ಧಿಯೂ ಕೆಡದೆ ನಿಂತಿರುವುವು. ಅವರಿಗೆ ಬರೆಯುವ ಕೋಣೆಯಿರಲಿಲ್ಲ, ಸಂಸಾರದ ಆಸರೆಯಿರಲಿಲ್ಲ. ಮತ್ತೆ ಮತ್ತೆ ಮರಳಿ ಬಂದು ಕುಳಿತುಕೊಳ್ಳುವುದಕ್ಕೆ ಅವರಿಗಿದ್ದುದು ಆ ಒಂದು ರಾಜವಂಶದ ಕಥೆ ಮಾತ್ರ. ಉಳಿದ ಜಗತ್ತೆಲ್ಲ ಬೆನ್ನಟ್ಟುತ್ತಿದ್ದಾಗ ಅವರು ಯಜಮಾನರಾಗಿದ್ದ ಮನೆ ಅದೊಂದೇ.

ಹಾಗಾದರೆ ವ್ಯಾಧಿಯು ಮಾಡಿದುದೇನು? ನಿಂತ ನೆಲವಿಲ್ಲದವನ ಹಸ್ತಪ್ರತಿಗೆ ನೆಲೆಯೆಲ್ಲಿಯದು? ಒಂದೇ ಪ್ರತಿಯಲ್ಲಿರುವ ಬರೆಹವನ್ನು ಊರಿಂದೂರಿಗೆ ಹೊತ್ತು ತಿರುಗುವವನಿಗೆ ಪ್ರಕಾಶಕನ ಬಾಗಿಲು ತಟ್ಟುವ ಸಮಾಧಾನವಾಗಲಿ, ಮಿತ್ರನ ಕೈಗೆ ಕಾಗದಗಳನ್ನು ಒಪ್ಪಿಸುವ ವಿಶ್ವಾಸವಾಗಲಿ ಎಲ್ಲಿಂದ ಬಂದೀತು? ಇಪ್ಪತ್ತಮೂರು ಆರಾದ ಲೆಕ್ಕದಲ್ಲಿ ವ್ಯಾಧಿಯ ಕೈವಾಡವನ್ನು ಕಾಣಬೇಕು. ಉಳಿದ ಆರರಲ್ಲಿ ಅದರ ಪಾಲು ಇಲ್ಲ. ಹೋದ ಹದಿನೇಳರಲ್ಲಿ ಇದೆ. ನಲವತ್ತೊಂದಕ್ಕೆ ಮುಗಿದ ಆಯುಸ್ಸಿನಲ್ಲಿಯೂ ಇದೆ.

ಆರಾದರೂ ಉಳಿದುದು ಹೇಗೆಂಬುದನ್ನು ಹೇಳದೆ ಈ ಕಥೆಯು ಪೂರ್ಣವಾಗದು. ಸಂಸರನ್ನೂ ಅವರ ಕೃತಿಗಳನ್ನೂ ಬೆಳಕಿಗೆ ತಂದವರಲ್ಲಿ ಜಿ. ಪಿ. ರಾಜರತ್ನಂ ಅವರು ಮುಖ್ಯರು. ರತ್ನನ ಪದಗಳಿಂದ ಮನೆಮಾತಾದ, 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನಲಂಕರಿಸಿದ ಈ ಕವಿಯ ಹೆಸರಿನ ಮೊದಲ ಎರಡಕ್ಷರಗಳು ‘ಗುಂಡ್ಲುಪಂಡಿತ’ ಎಂಬ ವಂಶನಾಮದ ಗುರುತು. ಆ ವಂಶದ ಹಿರಿಯರು ಗುಂಡ್ಲುಪೇಟೆಯಲ್ಲಿ ನೆಲೆಸಿದ್ದವರು. ಅಗರದಲ್ಲಿ ಹುಟ್ಟಿದವನ ಕೃತಿಯನ್ನು ಗುಂಡ್ಲುಪೇಟೆಯ ಮನೆತನದವನು ಕಾಪಾಡಿದುದು ಈ ಜಿಲ್ಲೆಯ ಜನರು ನೆನೆಯತಕ್ಕ ವಿಷಯ. ಇದಕ್ಕಿಂತ ಗಮನಿಸತಕ್ಕುದು ಆ ಕೆಲಸದ ರೀತಿ. ತನ್ನನ್ನು ಯಾರೋ ಹಿಡಿಯಬಂದಿರುವರೆಂದು ನಂಬಿದವನೊಡನೆ ವಾದ ಹೂಡಿ ಗೆಲ್ಲಲಾಗದು. ಅವನ ಭಯವನ್ನು ನಿಜವೆನ್ನದೆಯೂ ಅವನನ್ನು ಸುಳ್ಳನೆನ್ನದೆಯೂ ಅವನ ಬರೆಹವನ್ನು ಬರೆಹವೆಂದೇ ಓದಿ, ಅಚ್ಚಿಗೆ ತಕ್ಕುದನ್ನು ಅಚ್ಚಿಗೆ ಒಯ್ಯುವುದು ಮಿತ್ರನಿಂದಾಗುವ ಕೆಲಸ. ಚರಕನು ಮಿತ್ರನ ಮಾತನ್ನು ಉಪಚಾರದಲ್ಲಿ ಸೇರಿಸಿದುದರ ಅರ್ಥವು ಇಲ್ಲಿ ಸ್ಪಷ್ಟವಾಗುವುದು.

1997ರಲ್ಲಿ ಮೈಸೂರಿನಿಂದ ಬೇರೆಯಾದ ಚಾಮರಾಜನಗರ ಜಿಲ್ಲೆಗೆ ಈಗ ಯಳಂದೂರೂ ಸೇರಿರುವುದು, ಗುಂಡ್ಲುಪೇಟೆಯೂ ಸೇರಿರುವುದು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಆವರಣದಲ್ಲಿರುವ ಬಯಲು ರಂಗಮಂದಿರಕ್ಕೆ ಸಂಸರ ಹೆಸರಿದೆ. ಬಾಳೆಲ್ಲ ಅಡಗುದಾಣವನ್ನು ಅರಸಿದವರ ಹೆಸರು ಗೋಡೆಯಿಲ್ಲದ ರಂಗಕ್ಕೆ ಸಂದಿರುವುದು. ಸ್ಮಾರಕಗಳು ಇಷ್ಟಾದರೂ ಆಗಿವೆ. ಇನ್ನು ಬೇಕಾಗಿರುವುದು ಓದುವವರು. ಜಿಲ್ಲೆಯ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಆ ಆರು ನಾಟಕಗಳು ನಾಟಕಗಳಾಗಿ ಓದಲ್ಪಡಬೇಕು. ರೋಗಿಯೊಬ್ಬನ ಚರಿತ್ರೆಗೆ ಅನುಬಂಧವಾಗಿ ಅಲ್ಲ. ಮತ್ತು ಇಂತಹ ವ್ಯಾಧಿಯು ಹೊಕ್ಕ ಮನೆಗಳು ಇಂದಿಗೂ ಎಲ್ಲ ಊರುಗಳಲ್ಲಿ ಇವೆ. ಈಗ ಔಷಧವುಂಟು, ವೈದ್ಯರುಂಟು. ಸಂಸರಿಗೆ ಇಲ್ಲದಿದ್ದುದು ಇವರಿಗೆ ದೊರೆಯಬಹುದಾಗಿದೆ. ಅಂತಹ ಮನೆಯವರಿಗೆ, ನಿಮ್ಮವನಲ್ಲಿರುವ ಬೆಳಕು ಆ ಬೇನೆಯ ಕೊಡುಗೆಯೆಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಕಾಗಿಲ್ಲ. ಬೇನೆಯನ್ನು ವೈದ್ಯನಿಗೆ ತೋರಿಸಬೇಕು. ಅವನು ಬರೆದ ಕಾಗದಗಳನ್ನು ಜೋಪಾನವಾಗಿ ತೆಗೆದಿಡಬೇಕು.