ಹಾಡುಗಾರರ ಬೆನ್ನುಹತ್ತಿದ ಕ್ಯಾಮೆರಾ

ರಾಕ್ ಅಂಡ್ ರೋಲ್‌ನ ಆದಿಪುರುಷರಲ್ಲಿ ಒಬ್ಬನಾದ ಲಿಟಲ್ ರಿಚರ್ಡ್ 2020ರ ಮೇ ತಿಂಗಳಲ್ಲಿ ತೀರಿಕೊಂಡ. ಆತನ ಮೇಲೆ ಲೀಸಾ ಕೊರ್ಟೆಸ್ ಮಾಡಿದ ‘ಐ ಆಮ್ ಎವೆರಿಥಿಂಗ್’ ಸಾಕ್ಷ್ಯಚಿತ್ರ ಬಂದದ್ದು 2023ರಲ್ಲಿ. 1955ರಲ್ಲಿ ‘ಟುಟ್ಟಿ ಫ್ರುಟ್ಟಿ’ ಹಾಡಿ ಅಮೆರಿಕವನ್ನು ಕುಣಿಸಿದ ಈ ಕಪ್ಪು ಗಾಯಕನಿಗೆ ಸಲ್ಲಬೇಕಿದ್ದ ಹೆಸರೂ ಹಣವೂ ಎಷ್ಟರಮಟ್ಟಿಗೆ ಬಿಳಿಯರ ಪಾಲಾದವು, ತನ್ನ ಸಲಿಂಗ ಒಲವಿಗೂ ದೈವಭಕ್ತಿಗೂ ನಡುವೆ ಆತ ಹೇಗೆ ಜೀವಮಾನವಿಡೀ ತೂಗಾಡಿದ ಎಂಬುದನ್ನೆಲ್ಲ ಚಿತ್ರ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಬಳ್ಳಾರಿಯ ಪಾರ್ವತಿನಗರದಲ್ಲಿ ಕೂತು ಅದನ್ನು ನೋಡಿದವರಿಗೆ ಒಂದು ಪ್ರಶ್ನೆ ಏಳದೆ ಇರದು. ನಮ್ಮ ಹಾಡುಗಾರರ ಮುಂದೆ ಕ್ಯಾಮೆರಾ ಇಷ್ಟು ಸಲುಗೆಯಿಂದ ಕೂತದ್ದುಂಟೇ?

ನಮ್ಮಲ್ಲಿ ಈ ಕೆಲಸ ಶುರುವಾದದ್ದು ಸರ್ಕಾರಿ ಕೆಲಸವಾಗಿ. 1948ರಲ್ಲಿ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಹುಟ್ಟಿತು. ಅದರ ಕಿರುಚಿತ್ರವನ್ನು ಪ್ರತಿ ಟಾಕೀಸಿನವರೂ ಮುಖ್ಯ ಸಿನಿಮಾಕ್ಕೆ ಮುಂಚೆ ತೋರಿಸಲೇಬೇಕಿತ್ತು. ಪ್ರೇಕ್ಷಕರು ಬೀಡಿ ಮುಗಿಸಿ ಒಳಗೆ ಬರುವಷ್ಟರಲ್ಲಿ ಅದು ಮುಗಿದಿರುತ್ತಿತ್ತು ಎನ್ನುವುದು ಬೇರೆ ಮಾತು. ಹುಟ್ಟಿದೂರು, ಗುರು, ಪ್ರಶಸ್ತಿ, ಕಡೆಗೊಂದು ಭೈರವಿ: ಕಲಾವಿದರ ಚಿತ್ರಗಳಿಗೆ ಇದೊಂದು ಅಚ್ಚು ಬಿತ್ತು. ಗಂಭೀರ ದನಿಯ ನಿರೂಪಕ ಎಲ್ಲವನ್ನೂ ತಾನೇ ಹೇಳಿ ಮುಗಿಸುತ್ತಿದ್ದ. ಹಾಡುವವರ ಬಾಯಿಂದ ಮಾತು ಬರುತ್ತಿದ್ದದ್ದು ಕಡಿಮೆ.

ಎಲ್ಲ ತಪ್ಪನ್ನೂ ನಿರ್ದೇಶಕರ ತಲೆಗೆ ಕಟ್ಟಬಾರದು. ಆ ಕಾಲದ 35 ಎಂಎಂ ಕ್ಯಾಮೆರಾದಲ್ಲಿ ಸಾವಿರ ಅಡಿಯ ಫಿಲ್ಮ್ ಸುರುಳಿ ಓಡುತ್ತಿದ್ದದ್ದು ಸುಮಾರು ಹನ್ನೊಂದು ನಿಮಿಷ. ಧಾರವಾಡದ ಗವಾಯಿಯೊಬ್ಬರು ವಿಲಂಬಿತದಲ್ಲಿ ರಾಗದ ಬಾಗಿಲು ತೆರೆಯುವ ಹೊತ್ತಿಗೆ ಸುರುಳಿ ಖಾಲಿ. ಮೇಲೆ ದುಬಾರಿ ಫಿಲ್ಮು, ಸುಡುವ ದೀಪ, ಸದ್ದು ಹಿಡಿಯಲು ಇನ್ನೊಂದು ಯಂತ್ರ. ಹಾಗಾಗಿ ರಾಗ ತುಂಡುತುಂಡಾಗಿಯೇ ನಮಗೆ ಸಿಕ್ಕಿತು.

ಇನ್ನೊಂದು ರೋಗ ತಡವಾಗಿ ಬರುವುದು. ಸತ್ಯಜಿತ್ ರೇ ಅವರಂಥವರಿಗೂ ಇದು ತಪ್ಪಲಿಲ್ಲ. ಭರತನಾಟ್ಯದ ಬಾಲಸರಸ್ವತಿಯವರ ಮೇಲೆ ಅವರು ‘ಬಾಲಾ’ ಚಿತ್ರ ಮಾಡಿದ್ದು 1976ರಲ್ಲಿ, ಆಕೆಗೆ 58 ತುಂಬುವ ಹೊತ್ತಿಗೆ. ಅತ್ತ ಡಿ. ಎ. ಪೆನ್ನೆಬೇಕರ್ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಬಾಬ್ ಡಿಲನ್‌ನ 1965ರ ಇಂಗ್ಲೆಂಡ್ ಪ್ರವಾಸದ ಬೆನ್ನುಹತ್ತಿದಾಗ ಡಿಲನ್‌ಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಆತನ ಸಿಡುಕು, ಪತ್ರಕರ್ತರ ಜೊತೆಗಿನ ಜಟಾಪಟಿ ಎಲ್ಲವೂ ಆ ಚಿತ್ರದಲ್ಲಿವೆ. ಚಕ್ ಬೆರ್ರಿಯ ಅರವತ್ತರ ಕಛೇರಿಯನ್ನು ಹಿಡಿದಿಟ್ಟ 1987ರ ಚಿತ್ರದಲ್ಲಿ ಬೆರ್ರಿ ತನ್ನನ್ನು ಗುರುವೆಂದೇ ಭಾವಿಸಿದ ಕೀತ್ ರಿಚರ್ಡ್ಸ್‌ನನ್ನು ತಾಲೀಮಿನಲ್ಲೇ ಗದರುತ್ತಾನೆ. ನಮ್ಮ ಯಾವ ಉಸ್ತಾದರ ಚಿತ್ರದಲ್ಲಿ ಇಂಥ ಗಳಿಗೆ ಉಳಿಯುತ್ತಿತ್ತು? ಎಡಿಟಿಂಗ್ ಮೇಜಿನ ಮೇಲೆಯೇ ಕತ್ತರಿ ಬೀಳುತ್ತಿತ್ತು.

ಕನ್ನಡದವರ ಪೈಕಿ ಅಚ್ಚು ಮುರಿದವರಲ್ಲಿ ಗಿರೀಶ ಕಾರ್ನಾಡರನ್ನು ಮೊದಲು ಹೆಸರಿಸಬೇಕು. ಕನಕದಾಸ, ಪುರಂದರದಾಸರ ಮೇಲಿನ ಅವರ ‘ಕನಕ ಪುರಂದರ’ 1988ರದು, ರಾಷ್ಟ್ರಪ್ರಶಸ್ತಿ ಪಡೆಯಿತು. ನಾಲ್ಕೂವರೆ ಶತಮಾನದ ಹಿಂದೆ ಹಾಡಿದವರ ದನಿಯ ಒಂದು ಎಳೆಯೂ ಉಳಿದಿರಲಾರದು. ಆದರೆ ಪುರಂದರದಾಸರು ನಡೆದಾಡಿದ ಹಂಪಿಯ ಹೊಳೆದಂಡೆ ಇದೆ, ಹಾಡುವ ಜನ ಇದ್ದಾರೆ. ಅಂಥ ಕಡೆ ಸಾಕ್ಷ್ಯವೆಂದರೆ ಸ್ಥಳ ಮತ್ತು ನಾಲಗೆ ಎರಡೇ. ಮಣಿ ಕೌಲ್ ‘ಸಿದ್ಧೇಶ್ವರಿ’ಯಲ್ಲಿ ಇನ್ನೂ ಮುಂದೆ ಹೋಗಿ, ತೀರಿಹೋದ ಠುಮ್ರಿ ಗಾಯಕಿಯ ಪಾತ್ರಕ್ಕೆ ನಟಿಯನ್ನೇ ತಂದರು. 1990ರ ದಶಕದ ಆರಂಭದಲ್ಲಿ ಗುಲ್ಜಾರ್ ಭೀಮಸೇನ ಜೋಶಿಯವರನ್ನು ಚಿತ್ರಿಸಿದರು. ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ಅಗಲಿದ ಮೇಲೆ ಅವರ ಕುರಿತ ನಂದನ್ ಕುಧ್ಯಾಡಿಯವರ ‘ರಸಯಾತ್ರಾ’ಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ನನ್ನ ಮಟ್ಟಿಗೆ ನಿಜವಾದ ತಿರುವು ಬೆಂಗಳೂರಿನಲ್ಲಿ ನೆಲೆಸಿದ ಶಬ್ನಂ ವಿರ್ಮಾನಿಯವರ ನಾಲ್ಕು ಕಬೀರ ಚಿತ್ರಗಳದ್ದು. ಹಗುರ ಡಿಜಿಟಲ್ ಕ್ಯಾಮೆರಾ ಹಿಡಿದು ಅವರು ವರ್ಷಗಟ್ಟಲೆ ಹಾಡುಗಾರರ ಜೊತೆ ಊರೂರು ಅಲೆದರು. ನಮ್ಮ ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಾಡಿನ ಜಾಡು ಹಿಡಿದದ್ದು ‘ಕೋಯಿ ಸುನತಾ ಹೈ’. ಇನ್ನೊಂದರಲ್ಲಿ ಮಾಳವದ ಪ್ರಹ್ಲಾದ್ ಟಿಪಾನಿಯಾ ಕಬೀರಪಂಥದ ಮಹಂತರಾಗಲು ಒಪ್ಪಿ, ಆಮೇಲೆ ಆ ಪಟ್ಟದ ಗೊಂದಲದಲ್ಲಿ ಸಿಕ್ಕಿಕೊಳ್ಳುತ್ತಾರೆ. ಹಾಡು ಹೇಳುವುದೊಂದು, ಹಾಡುವವನು ಮಾಡುವುದೊಂದು ಆದಾಗ ಕ್ಯಾಮೆರಾ ಕಣ್ಣು ತಪ್ಪಿಸುವುದಿಲ್ಲ, ಹಾಗೆಂದು ಅವರನ್ನು ಹಂಗಿಸುವುದೂ ಇಲ್ಲ. ಆಮೇಲೆ 2010ರಲ್ಲಿ ದಿಲ್ಲಿಯ ಇಂಡಿಯನ್ ಓಷನ್ ಬ್ಯಾಂಡಿನ ಮೇಲೆ ಜೈದೀಪ್ ವರ್ಮಾರ ‘ಲೀವಿಂಗ್ ಹೋಮ್’ ಬಂತು. ಕನ್ನಡದಲ್ಲಿ ರಾಕ್ ತಾರೆಯ ಮಟ್ಟಕ್ಕೆ ಜನ ನೆರೆಸಿದ್ದು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಹಾಡಿಸಿದ ಸಿ. ಅಶ್ವಥ್. ಅವರ ಹಟ, ಸಿಟ್ಟು, ತಾಲೀಮು ಎಲ್ಲವೂ ಒಂದು ದೊಡ್ಡ ಚಿತ್ರಕ್ಕೆ ತಕ್ಕವು.

ಈಗ ನಮ್ಮ ಸೀಮೆಗೆ ಬನ್ನಿ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅಕ್ಷರ ಬಾರದವರು. ಬುರ್ರಕಥೆಯ ಮಹಾಕಾವ್ಯಗಳನ್ನು ನಾಲಗೆಯ ಮೇಲೇ ಇಟ್ಟುಕೊಂಡಿದ್ದರು. ಕುಮಾರರಾಮನ ಕಥೆ ಎತ್ತಿಕೊಂಡರೆ ರಾತ್ರಿ ಸಾಲದು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಈರಮ್ಮ ಹೋದರು. ರಂಗಗೀತೆಗೆ ಹೆಸರಾದ ಬಳ್ಳಾರಿಯ ಸುಭದ್ರಮ್ಮ ಮನ್ಸೂರು 2020ರಲ್ಲಿ ಹೋದರು. ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಲ್ಲಿ ಆಡುವ ಈ ಗಡಿಸೀಮೆಯ ಪ್ರೇಕ್ಷಕರ ಮುಂದೆ ಹಾಡಿ ಬೆಳೆದ ದನಿಗಳು ಇವು. ಅಚ್ಚಾದ ಕಾವ್ಯದಲ್ಲಿ ಈರಮ್ಮನವರ ಮಾತು ಉಳಿಯುತ್ತದೆ. ಹಿಮ್ಮೇಳದ ಹೆಂಗಸರು ಯಾವಾಗ ಸೊಲ್ಲು ಎತ್ತಿಕೊಂಡರು, ಕೇಳುವವರು ಎಲ್ಲಿ ಅತ್ತರು, ಎಲ್ಲಿ ಕಾಸು ಕೊಟ್ಟರು ಎಂಬುದು ಅಚ್ಚಿಗೆ ಸಿಗುವುದಿಲ್ಲ. ಇವರಿಗೆ ಹನ್ನೊಂದು ನಿಮಿಷದ ಗೌರವಚಿತ್ರ ಸಾಲದು. ರಾತ್ರಿಯಿಡೀ ಕೂತು ಕೇಳುವ ಚಿತ್ರ ಬೇಕು. ಫಿಲ್ಮ್ ಸುರುಳಿಯ ನೆಪವೂ ಈಗ ಉಳಿದಿಲ್ಲ.

ಹೋದವರ ಚಿತ್ರವನ್ನೂ ಮಾಡಬಹುದು. ಆಸಿಫ್ ಕಪಾಡಿಯಾ ಗಾಯಕಿ ಆಮಿ ವೈನ್‌ಹೌಸ್ ಮೇಲೆ ಮಾಡಿದ 2015ರ ಚಿತ್ರದಲ್ಲಿ ಗೆಳೆಯರು, ಮನೆಯವರು ತೆಗೆದಿಟ್ಟಿದ್ದ ಹಳೆಯ ವಿಡಿಯೊಗಳು ಧಾರಾಳವಾಗಿವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಜಾತ್ರೆ, ನಾಟಕ, ಮದುವೆಗಳಲ್ಲಿ ಹೀಗೆ ಹಿಡಿದಿಟ್ಟ ಕ್ಯಾಸೆಟ್ಟು ನಿಮ್ಮ ಅಟ್ಟದ ಮೇಲೆ ಇದ್ದರೆ ದಯವಿಟ್ಟು ಇಳಿಸಿ. ಬೂಷ್ಟು ಹಿಡಿಯುವ ಮೊದಲು ಡಿಜಿಟಲ್ ಪ್ರತಿ ಮಾಡಿಸಿ, ಊರು, ವರ್ಷ, ಹಾಡಿದವರು ಮತ್ತು ಹಿಮ್ಮೇಳದವರ ಹೆಸರು ಬರೆದು, ಒಂದು ಪ್ರತಿಯನ್ನು ಹಂಪಿಯ ವಿಶ್ವವಿದ್ಯಾಲಯಕ್ಕೆ ಮುಟ್ಟಿಸಿ.