ಪೆನ್ನಿ ಯಾಕೆ ಜಾಣ, ಪೌಂಡ್ ಯಾಕೆ ದಡ್ಡ?

‘ಪೆನ್ನಿ ವೈಸ್, ಪೌಂಡ್ ಫೂಲಿಶ್’ ಅನ್ನೋ ಇಂಗ್ಲಿಷ್ ಗಾದೆ ನೀವೂ ಶಾಲೆಯಲ್ಲಿ ಬಾಯಿಪಾಠ ಮಾಡಿರ್ತೀರ. ಚಿಲ್ಲರೆ ಉಳಿಸೋಕೆ ಹೋಗಿ ದೊಡ್ಡ ಗಂಟು ಕಳ್ಕೊಳ್ಳೋದು. ಅರ್ಥ ಬರೆದೆ, ಎರಡು ಮಾರ್ಕ್ಸ್ ಬಂತು. ಆದರೆ ಬಿ.ಕಾಂ ಮುಗಿಸಿದ ಮೇಲೂ, ಪೌಂಡ್‌ಗೆ ಎಷ್ಟು ಪೆನ್ನಿ ಅಂದ್ರೆ ನೂರು ಅಂತಿದ್ದೆ. ಈಗೇನೋ ನೂರೇ. ಗಾದೆಯ ಕಾಲದಲ್ಲಿ 240! 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಆ ಲೆಕ್ಕ ಬದಲಾಗಿದ್ದು 1971ರ ಫೆಬ್ರವರಿ 15ಕ್ಕೆ. ನಗಬೇಡಿ, ನಾವೂ ‘ಹದಿನಾರಾಣೆ ನಿಜ’ ಅಂತೀವಿ, ಆಣೆ ಕಂಡವರು ಎಷ್ಟು ಜನ?

ಈ ಮಾತು ರಾಬರ್ಟ್ ಬರ್ಟನ್ 1621ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಇದೆ. ಇದಕ್ಕೆ ಉಲ್ಟಾ ಗಾದೆಯೂ ಒಂದಿದೆ: ಪೆನ್ನಿ ಜೋಪಾನ ಮಾಡು, ಪೌಂಡ್ ತನ್ನ ಪಾಡು ತಾನು ನೋಡ್ಕೊಳ್ಳುತ್ತೆ. ನಮ್ಮ ‘ಹನಿ ಹನಿ ಕೂಡಿದರೆ ಹಳ್ಳ’ ಇದ್ದ ಹಾಗೆ. ಇದನ್ನು ಹೇಳ್ತಿದ್ದವರು ಬ್ರಿಟಿಷ್ ಖಜಾನೆಯ ಕಾರ್ಯದರ್ಶಿ ವಿಲಿಯಂ ಲೌಂಡ್ಸ್ ಅಂತ ಲಾರ್ಡ್ ಚೆಸ್ಟರ್‌ಫೀಲ್ಡ್ ತಮ್ಮ ಮಗನಿಗೆ ಬರೆದ ಪತ್ರದಲ್ಲಿದೆ.

ಈ ಲೌಂಡ್ಸ್ ಕಥೆ ಕೇಳಿ. ಆಗಿನ ಹಳೇ ಬೆಳ್ಳಿ ನಾಣ್ಯಗಳು ಸುತ್ತಿಗೆಯಿಂದ ಬಡಿದು ಮಾಡಿದವು, ಅಂಚು ಓರೆಕೋರೆ. ಜನ ಅಂಚು ಕತ್ತರಿಸಿ ಬೆಳ್ಳಿ ಕದೀತಿದ್ದರು. ಸಿಕ್ಕಿಬಿದ್ದರೆ ಮರಣದಂಡನೆ, ಆದರೂ ಬಿಡಲಿಲ್ಲ. 1695ರಲ್ಲಿ ಲೌಂಡ್ಸ್, ಹೊಸ ನಾಣ್ಯದಲ್ಲಿ ಬೆಳ್ಳಿ ಕಮ್ಮಿ ಮಾಡೋಣ ಅಂದರು. ತತ್ವಜ್ಞಾನಿ ಜಾನ್ ಲಾಕ್ ಬಿಲ್‌ಕುಲ್ ಒಪ್ಪಲಿಲ್ಲ: ಪೌಂಡ್ ಅಂದ್ರೆ ಇಷ್ಟು ಬೆಳ್ಳಿ, ಒಂದು ಗುಲಗಂಜಿಯೂ ಇಳಿಸಬಾರದು. ಪಾರ್ಲಿಮೆಂಟ್ ಲಾಕ್ ಮಾತು ಕೇಳಿತು.

ಪೌಂಡ್‌ನ ಮಾನ ಉಳಿಯಿತು. ಪೆನ್ನಿ? ಸವೆದ ನಾಣ್ಯವನ್ನು ಮುಖಬೆಲೆಗೆ ತೆರಿಗೆಯಾಗಿ ಕಟ್ಟೋಕೆ 1696ರ ಮೇ ತಿಂಗಳ ಶುರುವಿನವರೆಗೆ ಅವಕಾಶವಿತ್ತು. ದೊಡ್ಡ ತೆರಿಗೆ ಕಟ್ಟುವವರು ಸಲೀಸಾಗಿ ದಾಟಿಸಿಬಿಟ್ಟರು. ಮಡಕೆಯಲ್ಲಿ ಆರಾರು ಪೆನ್ನಿಯ ನಾಣ್ಯ ಕೂಡಿಟ್ಟ ಕೂಲಿಯವನಿಗೆ ಕಟ್ಟೋಕೆ ಅಷ್ಟು ತೆರಿಗೆಯಾದರೂ ಎಲ್ಲಿತ್ತು? ಗಡುವು ಮುಗಿದ ಮೇಲೆ ಅವನ ಕೈಲಿದ್ದದ್ದು ಬರೀ ತೂಕದ ಬೆಳ್ಳಿ. ಹೊಸ ನಾಣ್ಯವೂ ಸಾಕಷ್ಟು ಬರಲಿಲ್ಲ. 2016ರ ನವೆಂಬರ್‌ನಲ್ಲಿ ನಾನು ಡಿಗ್ರಿ ಓದ್ತಿದ್ದೆ. ಇದನ್ನು ಓದುವಾಗ ಆ ಎಟಿಎಂ ಕ್ಯೂ ಕಣ್ಮುಂದೆ ಬಂತು. ನನ್ನ ಮಟ್ಟಿಗೆ ಲೌಂಡ್ಸ್ ಹೇಳಿದ್ದೇ ಸರಿ. ಲಾಕ್‌ರ ತರ್ಕ ಚೆನ್ನಾಗಿತ್ತು, ಬಿಲ್ ಬಂದದ್ದು ಬೇರೆಯವರ ಹೆಸರಿಗೆ.

ಈ ನಷ್ಟ ತುಂಬೋಕೆ ಸರ್ಕಾರ ಅದೇ 1696ರಲ್ಲಿ ಕಿಟಕಿಗಳ ಮೇಲೆ ಟ್ಯಾಕ್ಸ್ ಹಾಕಿತು. ಅದು 1851ರವರೆಗೂ ಹೋಗಲಿಲ್ಲ. ಟ್ಯಾಕ್ಸ್ ಉಳಿಸೋಕೆ ಕಿಟಕಿಗೆ ಇಟ್ಟಿಗೆ ಕಟ್ಟಿಸಿ ಕತ್ತಲಲ್ಲಿ ಕೂತವರೂ ಇದ್ದರು. ಅವರಿಗೆ ಈ ಎರಡರಲ್ಲಿ ಯಾವ ಗಾದೆ ಹೊಂದುತ್ತೆ, ನೀವೇ ಹೇಳಿ.